ರಂಗದ ಮೋಟಾರಿನ ಎಡಬಾಜೂ

ರಂಗಮಹಲು, ಗೋಕಾಕ
ತಾ. ೨ ಆಗಸ್ಟ್ ೧೯೪೩

ಹುಕ್ಕೇರಿಯ ಕಾಶೆವ್ವನಿಗೆ ಕೆಂಚಪ್ಪ ಮಾಸ್ತರನ ಆಶೀರ್ವಾದ.

ಒಂಬತ್ತು ವರ್ಷದ ಹಿಂದೆ ನಮ್ಮ ನಾಟಕ ಮಂಡಳಿಯ ಪರದೆ ಕೊನೆಯ ಸಲ ಬಿತ್ತು. ನಾಯಕಿ ಪಾರ್ಟಿನವಳಾದ ನೀನು ಊರಿನ ಗಾಡಿ ಹತ್ತಿದೆ, ಮಾಲಕನಾದ ನಾನು ನಮ್ಮ ರಂಗಮಹಲು ಥಿಯೇಟರಿನಲ್ಲೇ ನಿಂತೆ. ಅಂದಿನಿಂದ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಇಂದು ಬರೆಯುತ್ತಿದ್ದೇನೆ, ಏಕೆಂದರೆ ಲಡಾಯಿ ಬಂದಿದೆ. ಜರ್ಮನಿಯದಲ್ಲ, ನನ್ನದು.

ನಮ್ಮ ಮೋಟಾರು ನೆನಪಿದೆಯೇ? ಊರೂರು ತಿರುಗಿ, ತಗಡಿನ ತುತ್ತೂರಿಯಲ್ಲಿ ನಾನು ನಾಟಕ ಸಾರುತ್ತಿದ್ದ ಆ ಅಮೇರಿಕಾದ ಗಾಡಿ? ಥಿಯೇಟರಿನ ಜಾಗೆಯನ್ನು ಕೇದಾರಿ ಎಂಬ ಗುಜರಿ ಗುತ್ತಿಗೆದಾರ ಕೊಂಡಿದ್ದಾನೆ, ಅಲ್ಲಿ ಬಿದ್ದ ಹಳೇ ಕಬ್ಬಿಣ ಸಮೇತ. ಮೋಟಾರಿನ ಸುತ್ತ ಒಂದು ಸುತ್ತು ಹಾಕಿ ಅವ ನುಡಿದ: "ಮಾಸ್ತರ್ರ, ಇದೂ ಕಬ್ಬಿಣಾನ. ಲಡಾಯಿಗೆ ಹೋಗತೈತಿ." ನಾನು ಮೂವತ್ತು ವರ್ಷ ರಾಜಾಪಾರ್ಟು ಮಾಡಿದವ. ಹೆಗಲ ಮೇಲಿನ ಶಲ್ಯ ಸರಿಸಿ ಕೇಳಿದೆ: "ಓಡೋ ಮೋಟಾರಿಗೆ ಕಬ್ಬಿಣ ಅಂತಾರೇನೋ?" ಪ್ರಕರಣ ಪೊಲೀಸ್ ಫೌಜದಾರರ ಮುಂದೆ ಹೋಯಿತು. ಅವರ ತೀರ್ಪು ಇಷ್ಟು. ಡಿಸೆಂಬರ್ ಹದಿನೈದಕ್ಕೆ ಮೋಟಾರು ಅಂಗಾಂಗ ಪೂರ್ತಿಯಾಗಿ, ತನ್ನ ಚಕ್ರದ ಮೇಲೆ ತಾನೇ ಜಾಗೆ ಬಿಟ್ಟು ಹೊರಗೆ ಬಂದರೆ ನನ್ನದು. ಬಾರದಿದ್ದರೆ ಕೇದಾರಿಯ ಸುತ್ತಿಗೆಗೆ.

ಯಂತ್ರವನ್ನು ನಾನೇ ಬಿಚ್ಚಿ, ತೊಳೆದು, ಜೋಡಿಸಿದೆ. ಹ್ಯಾಂಡಲ್ ಹೊಡೆದರೆ ಕೆಮ್ಮಿಯಾದರೂ ಏಳುತ್ತದೆ. ಬಲಬಾಜೂ ತಗಡು ಇಂದಿಗೂ ಆನೆಯ ಚರ್ಮ. ಎಡಬಾಜೂ ಮಾತ್ರ ಹಪ್ಪಳ. ಎರಡು ಬಾಗಿಲು, ಎರಡು ಮಡಗಾರ್ಡು, ಬೆರಳಿಟ್ಟಲ್ಲಿ ತೂತು. ಕಾರಣ ನಿನಗೆ ಗೊತ್ತೇ ಇದೆ. ನಮ್ಮ ಡ್ರಾಯವರ ಖಂಡೆಪ್ಪ ಅಸಲಿ ತಗಡು ಮಾರಿಕೊಂಡು, ಚಿಮಣಿ ಎಣ್ಣೆಯ ಡಬ್ಬಿ ಬಡಿದು ಕೂಡಿಸಿದ್ದ. ಇಪ್ಪತ್ತೆಂಟರಲ್ಲಿ ಬಣ್ಣ ಕಿತ್ತು ಡಬ್ಬಿಯ ಛಾಪಾ ಕಂಡಾಗ, ನಲವತ್ತು ಮಂದಿಯ ಎದುರು ಅವನನ್ನು ಹೊರಗೆ ಹಾಕಿದೆನಲ್ಲ, ಆ ಸೀನು ನೀನು ಮರೆತಿರಲಾರೆ.

ನಿಮ್ಮೂರಿನ ಸಾವಕಾರರೊಬ್ಬರ ಬಳಿ ನಮ್ಮದೇ ಜೋಡಿ ಮೋಟಾರು ಇತ್ತು. ಹೋಗಿ ಅದರ ಎಡಬಾಜೂ ಕೇಳು. ನನ್ನ ಹೆಸರು ಹೇಳು.

ಕೆಂಚಪ್ಪ

•

ಹುಕ್ಕೇರಿ
ತಾ. ೧೧ ಆಗಸ್ಟ್ ೧೯೪೩

ಮಾಸ್ತರರಿಗೆ ಕಾಶೆವ್ವನ ಶರಣಾರ್ಥಿ.

ಹೋಗಿದ್ದೆ, ಕೇಳಿದೆ. ಆ ಮೋಟಾರು ಹೋದ ವರ್ಷವೇ ತುಂಡಾಗಿ ರೈಲು ಹತ್ತಿದೆ. ನಿಮ್ಮ ಹೆಸರು ಹೇಳಿದೆ. ಸಾವಕಾರರ ಮಗ ನಕ್ಕ, "ಆ ಒದರೋ ಮಾಸ್ತರ ಇನ್ನೂ ಅದಾರೇನು?" ಅಂದ. ಇದ್ದಾರೆ ಅಂದೆ.

ನನ್ನ ಬಳಿ ಎರಡು ಎಮ್ಮೆ ಇವೆ. ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಬೇರೆ ಸುದ್ದಿ ಇಲ್ಲ.

ಒಂದು ಮಾತು. ಖಂಡೆಪ್ಪ ತಗಡು ಮಾರಿದ್ದನ್ನು ಯಾರಾದರೂ ಕಣ್ಣಾರೆ ಕಂಡಿದ್ದರೇ?

ಕಾಶೆವ್ವ

•

ರಂಗಮಹಲು, ಗೋಕಾಕ
ತಾ. ೬ ಸಪ್ಟೆಂಬರ್ ೧೯೪೩

ಕಾಶೆವ್ವ,

ಕಣ್ಣಾರೆ ಕಾಣುವುದೇನು? ಡಬ್ಬಿ ತಗಡೇ ಸಾಕ್ಷಿ ನುಡಿದಿತ್ತು. ಕುರಿ ಹಿಂಡಿನಿಂದ ಎಬ್ಬಿಸಿ ತಂದು ಸ್ಟೇರಿಂಗ್ ಹಿಡಿಸಿದ್ದೆ, ಅದಕ್ಕೆ ಅವ ಮಾಡಿದ ಉಪಕಾರ ಅದು. ನಿನ್ನ ಮನಸ್ಸು ಮೊದಲಿನಿಂದಲೂ ಮೆತ್ತಗೆ. ಕಳ್ಳನ ಪಾರ್ಟಿನವನು ಅತ್ತರೂ ಪರದೆಯ ಹಿಂದೆ ನೀನು ಕಣ್ಣೊರೆಸಿಕೊಳ್ಳುತ್ತಿದ್ದೆ.

ಈಗ ನನ್ನ ದಿಗ್ವಿಜಯ ಕೇಳು. ಬೆಳಗಾವಿಯಲ್ಲಿ ನಾಲ್ಕು ಗ್ಯಾರೇಜು ಹೊಕ್ಕೆ. ಒಬ್ಬ ಮಿಸ್ತ್ರಿ, "ಈ ಮಾಡೆಲ್ ಹೆಸರು ನಮ್ಮಪ್ಪಗ ಗೊತ್ತಿದ್ದೀತು, ಅವ ಸತ್ತಾನ" ಅಂದ. ಹತ್ತರಗಿಯ ರಸ್ತೆ ಬದಿಯಲ್ಲಿ ಮಗುಚಿ ಬಿದ್ದ, ಮಂದಿ ಸಾಗಿಸುವ ಸರ್ವಿಸ್ ಮೋಟಾರು ಇದೆ ಎಂದು ಕೇಳಿ ಓಡಿದೆ. ಅದರ ಮಡಗಾರ್ಡಿನಲ್ಲಿ ಯಾರೋ ಕರುವಿಗೆ ನೀರು ಕುಡಿಸುತ್ತಿದ್ದರು. ಕರುವನ್ನು ಸರಿಸಿ ಅಳತೆ ನೋಡಿದೆ. ನಮ್ಮ ಗಾಡಿಯ ಎರಡು ಪಟ್ಟು. ಮಿರಜಿನಿಂದ ಹೊತ್ತು ತಂದ ಬಾಗಿಲನ್ನು ಇಟ್ಟು ನೋಡಿದರೆ, ರಾಜಾಪಾರ್ಟಿನವನಿಗೆ ಹಾಸ್ಯ ಪಾರ್ಟಿನವನ ಅಂಗಿ ತೊಡಿಸಿದಂತೆ, ಹೊಕ್ಕಳು ಕಾಣಿಸುತ್ತದೆ. ಕೇದಾರಿ ಬೇಲಿಯ ಆಚೆ ನಿಂತು ನೋಡಿ, "ಅದಕ್ಕೊಂದು ಲಂಗೋಟಿನೂ ತರ್ರಿ ಮಾಸ್ತರ್ರ" ಅಂದ. ಬಾಗಿಲನ್ನು ಎತ್ತಿ ಅವನ ಕಾಲ ಹತ್ತಿರ ಒಗೆದೆ. ಅದೇ ಉತ್ತರ.

ಆಗ ಹೊಳೆಯಿತು. ನಮ್ಮ ಸಾಮಾಜಿಕ ನಾಟಕಕ್ಕೆಂದು ಸೀನರಿ ಬರೆಯುವ ಯಲ್ಲಾರಿ ಒಂದು ರಂಗದ ಮೋಟಾರು ಮಾಡಿದ್ದನಲ್ಲ? ಪ್ರೇಕ್ಷಕರಿಗೆ ಕಾಣುವುದು ಎಡಬಾಜೂ ಒಂದೇ ಎಂದು ಎಡಬಾಜೂ ಒಂದನ್ನೇ ಮಾಡಿದ್ದ. ಹಿಂದೆ ಬರೀ ಕಟ್ಟಿಗೆ, ಅದನ್ನು ದೂಡಲು ಇಬ್ಬರು. ಅದನ್ನು ಅಸಲಿ ಮೋಟಾರಿನ ಮೇಲೆ ಕಾಗದ ಹಾಸಿ, ಗೆರೆ ಎಳೆದು, ಅಂಗುಲಕ್ಕೆ ಅಂಗುಲ ಕತ್ತರಿಸಿದ್ದು. ಮಂಡಳಿ ಮುಚ್ಚಿದಾಗ ಆ ಸಾಮಾನು ನಿನ್ನ ಗಾಡಿಯಲ್ಲೇ ಹುಕ್ಕೇರಿಗೆ ಬಂತು. ಡಬ್ಬಿ ತಗಡಾದರೇನು, ಅಳತೆ ಅಸಲಿಯದು. ಅದನ್ನು ಕಳಿಸು. ಅದನ್ನು ಮುಂದಿಟ್ಟುಕೊಂಡು ಗಟ್ಟಿ ತಗಡಿನಲ್ಲಿ ಬಡಿಯಲು ಇಲ್ಲೊಬ್ಬ ಕಮ್ಮಾರ ಒಪ್ಪಿದ್ದಾನೆ. ನಕಲಿನಿಂದ ಅಸಲು ಹುಟ್ಟಿಸುತ್ತೇನೆ.

ಕೆಂಚಪ್ಪ

•

ರಂಗಮಹಲು, ಗೋಕಾಕ
ತಾ. ೪ ಅಕ್ಟೋಬರ್ ೧೯೪೩

ಕಾಶೆವ್ವ,

ಒಂದು ತಿಂಗಳಾಯಿತು. ಅಂಚೆಯವನು ನನ್ನ ಮುಖ ನೋಡದೆ ಆಚೆ ದಾರಿಯಿಂದ ಹೋಗುತ್ತಾನೆ. ಬಾಜೂ ಕಳಿಸುತ್ತೀಯೋ, ಇಲ್ಲ ನಾನೇ ಬರಲೋ?

ಕೆಂಚಪ್ಪ

•

ಹುಕ್ಕೇರಿ
ತಾ. ೯ ಅಕ್ಟೋಬರ್ ೧೯೪೩

ಮಾಸ್ತರರಿಗೆ ಶರಣಾರ್ಥಿ.

ನೀವು ಬರುವುದು ಬೇಡ. ರಂಗದ ಮೋಟಾರನ್ನು ಗೆದ್ದಲು ತಿಂದಿದೆ. ಉಳಿದದ್ದನ್ನು ಎಂದೋ ಎಸೆದೆ. ಕಮ್ಮಾರನಿಗೆ ಬಾಯಿಂದಲೇ ಅಳತೆ ಹೇಳಿ ನೋಡಿರಿ.

ಕಾಶೆವ್ವ

•

ರಂಗಮಹಲು, ಗೋಕಾಕ
ತಾ. ೧೬ ಅಕ್ಟೋಬರ್ ೧೯೪೩

ಕಾಶೆವ್ವ,

ಗೆದ್ದಲು ಕಟ್ಟಿಗೆ ತಿನ್ನುತ್ತದೆ. ತಗಡು ತಿನ್ನುವ ಗೆದ್ದಲು ನಿನ್ನ ಹುಕ್ಕೇರಿಯಲ್ಲಿ ಮಾತ್ರ ಇದ್ದೀತು.

ಯಾರಿಗೆ ಕೊಟ್ಟೆ? ಕೇದಾರಿಯ ಮಂದಿ ಹುಕ್ಕೇರಿಗೂ ಬಂದಿದ್ದರೇ? ಅವರು ಬಾಗಿಲಿಗೆ ಬಂದು ನಿಂತಾಗ, ಹನ್ನೆರಡು ವರ್ಷ ನಿನ್ನ ಹೆಸರನ್ನು ಊರೂರು ಸಾರಿದ ಗಾಡಿ ನೆನಪಾಗಲಿಲ್ಲವೇ? ಆ ಮೋಟಾರು ಹೋದರೆ, ಕೆಂಚಪ್ಪನೆಂಬವ ಒಂದು ಕಾಲಕ್ಕೆ ಮಾಲಕನಾಗಿದ್ದ ಎನ್ನುವುದಕ್ಕೆ ಈ ಊರಿನಲ್ಲಿ ಸಾಕ್ಷಿ ಏನು ಉಳಿಯಿತು?

ಬಿಡು. ಅಂದು ಖಂಡೆಪ್ಪ ಅಸಲನ್ನು ಮಾರಿಕೊಂಡ. ಇಂದು ನೀನು ನಕಲನ್ನು ಮಾರಿಕೊಂಡೆ. ಇಬ್ಬರೂ ಒಂದೇ ಸಾಲಿನವರು. ನಾನು ಈ ಗಾಡಿಯಲ್ಲಿ ಕುಳಿತೇ ಇರುತ್ತೇನೆ. ಹದಿನೈದನೆಯ ತಾರೀಖು ಸುತ್ತಿಗೆ ಬೀಳುವುದಾದರೆ, ಮೊದಲು ನನ್ನ ಮೇಲೆ ಬೀಳಲಿ.

ಕೆಂಚಪ್ಪ

•

ಹುಕ್ಕೇರಿ
ತಾ. ೨೪ ಅಕ್ಟೋಬರ್ ೧೯೪೩

ಮಾಸ್ತರರಿಗೆ.

ಶರಣಾರ್ಥಿ ಕೊನೆಯಲ್ಲಿ ಹೇಳುತ್ತೇನೆ, ನಿಮಗೆ ಬೇಕಾದರೆ ತೆಗೆದುಕೊಳ್ಳಿರಿ.

ಗೆದ್ದಲಿನ ಮಾತು ಸುಳ್ಳು. ನಿಮ್ಮ ಎಡಬಾಜೂ ನನ್ನ ಎಮ್ಮೆ ಕಟ್ಟುವ ಕೊಟ್ಟಿಗೆಯಲ್ಲಿ ಅಡ್ಡಗೋಡೆಯಾಗಿ ನಿಂತಿದೆ. ಎರಡು ಬಾಗಿಲು, ಎರಡು ಮಡಗಾರ್ಡು. ವರ್ಷಕ್ಕೊಮ್ಮೆ ಎಣ್ಣೆ ಒರೆಸುತ್ತೇನೆ, ತುಕ್ಕು ಹತ್ತಿಲ್ಲ. ಅದು ನಕಲಲ್ಲ ಮಾಸ್ತರರೇ. ಅದೇ ಅಸಲು. ನಕಲು ಇರುವುದು ನಿಮ್ಮ ಗಾಡಿಯ ಮೇಲೆ.

ಇಪ್ಪತ್ತೇಳರಲ್ಲಿ ನಮ್ಮದು ಮೂಡಲಗಿ ಕ್ಯಾಂಪು. ನಾಟಕ ಮುಗಿದ ಮೇಲೆ ನೀವೆಲ್ಲ ಮಧ್ಯಾಹ್ನದವರೆಗೆ ಮಲಗುತ್ತಿದ್ದಿರಿ. ನಾನು ಸೂರ್ಯ ಹುಟ್ಟುವ ಹೊತ್ತಿಗೆ ಎದ್ದು ಮೇಲವಂಕಿಯ ರಸ್ತೆಯಲ್ಲಿ ಮೋಟಾರು ಹೊಡೆಯುತ್ತಿದ್ದೆ. ಹೌದು, ನಾನೇ. ಖಂಡೆಪ್ಪ ಬಾಜೂದಲ್ಲಿ ಕುಳಿತು ಕಲಿಸುತ್ತಿದ್ದ. "ಅವ್ವಾರ, ಗಾಡಿಗೆ ಗಂಡ ಹೆಣ್ಣ ಗೊತ್ತಾಗೂದಿಲ್ಲ, ಕೈ ಅಷ್ಟ ಗೊತ್ತಾಗತೈತಿ" ಅನ್ನುತ್ತಿದ್ದ. ಒಂದು ತಿಂಗಳು ಕಲಿತೆ. ಒಂದು ದಿನ ಕುರಿ ಹಿಂಡು ಅಡ್ಡ ಬಂತು. ಸ್ಟೇರಿಂಗ್ ತಿರುವಿದೆ, ಕುರಿ ಉಳಿದವು, ಎಡಬಾಜೂ ಪೂರ್ತಿ ಜಾಲಿಗಿಡಕ್ಕೆ ಉಜ್ಜಿತು. ಬಾಗಿಲು ಒಳಗೆ ಹೋದವು. ಮಡಗಾರ್ಡು ಮುದುಡಿದವು.

ನಾಲ್ಕು ಗಂಟೆಗೆ ನೀವು ತುತ್ತೂರಿ ಹಿಡಿದು ಸಾರಲು ಹೊರಡಬೇಕು. ಯಲ್ಲಾರಿ ಬಂದು ನೋಡಿ, "ನಂದೂ ಇದೂ ತೂತಿಗೆ ತೂತ ಕೂಡತಾವು, ಹೆದರಬ್ಯಾಡ" ಅಂದ. ರಂಗದ ಮೋಟಾರಿನ ಡಬ್ಬಿ ತಗಡು ಬಿಚ್ಚಿ ಅಸಲಿ ಗಾಡಿಗೆ ಹಾಕಿದ. ಮುದುಡಿದ ಅಸಲನ್ನು ಮೂಡಲಗಿಯ ಕಮ್ಮಾರನಿಂದ ಬಡಿಸಿ, ಬಣ್ಣ ಬಳಿದು, ರಂಗದ ಮೋಟಾರಿಗೆ ತೂಗುಹಾಕಿದ. ಆ ಸಂಜೆ ನೀವು ಡಬ್ಬಿಯ ಗಾಡಿಯಲ್ಲಿ ಊರು ಸುತ್ತಿದಿರಿ. ನಾಟಕದಲ್ಲಿ ಅಸಲಿ ಬಾಗಿಲು ಒದ್ದು ಇಳಿದು ಡೈಲಾಗು ಹೇಳಿದಿರಿ. ಪರದೆ ಬಿದ್ದ ಮೇಲೆ, "ಇವತ್ತ ಬಾಗಲಾ ಏನ್ ಗಟ್ಟಿ ಸಪ್ಪಳ ಮಾಡ್ತಲೇ ಯಲ್ಲಾರಿ" ಎಂದು ಅವನ ಬೆನ್ನು ತಟ್ಟಿದಿರಿ.

ನಾಳೆ ಮತ್ತೆ ಬದಲಿಸೋಣ ಅಂದಿದ್ದ ಯಲ್ಲಾರಿ. ಮರುದಿನ ಕ್ಯಾಂಪು ಎದ್ದಿತು. ಆ ನಾಳೆ ಬರಲೇ ಇಲ್ಲ. ಮುಂದಿನ ಬೇಸಿಗೆಯಲ್ಲಿ ಕಾಲರಾ ಬಂದು ಯಲ್ಲಾರಿ ಹೋದ. ಅದೇ ವರ್ಷ ನೀವು ಡಬ್ಬಿಯ ಛಾಪಾ ಕಂಡಿರಿ, ಖಂಡೆಪ್ಪನನ್ನು ನಲವತ್ತು ಮಂದಿಯ ನಡುವೆ ನಿಲ್ಲಿಸಿದಿರಿ. ಅವ ನನ್ನ ಕಡೆ ಒಮ್ಮೆ ನೋಡಿದ. ನಾನು ನೆಲ ನೋಡಿದೆ. ಬಾಯಿ ಬಿಟ್ಟಿದ್ದರೆ ನೀವು ನನ್ನನ್ನೂ ಕಳಿಸುತ್ತಿದ್ದಿರಿ, ನನ್ನ ಹಿಂದೆ ಅವ್ವ ಇದ್ದಳು.

ಮೋಟಾರು ಹೊಡೆದದ್ದು ತಪ್ಪು ಅಂತ ನಾನು ಇಂದಿಗೂ ಅನ್ನುವುದಿಲ್ಲ. ಸುಮ್ಮನೆ ನಿಂತದ್ದು ತಪ್ಪು. ಮಂಡಳಿಯಲ್ಲಿದ್ದ ಮುಂದಿನ ಆರು ವರ್ಷ ನಿಮ್ಮೊಡನೆ ಮನಬಿಚ್ಚಿ ಮಾತಾಡದೆ ಇರಲು, ಆಮೇಲಿನ ಒಂಬತ್ತು ವರ್ಷ ಬರೆಯದೆ ಇರಲು ಅದೇ ಕಾರಣ. ನಿಮ್ಮ ಮೇಲಿನ ಸಿಟ್ಟಲ್ಲ.

ಈಗ ಶರಣಾರ್ಥಿ.

ಕಾಶೆವ್ವ

•

ಹುಕ್ಕೇರಿ
ತಾ. ೨೦ ನವೆಂಬರ್ ೧೯೪೩

ಮಾಸ್ತರರಿಗೆ ಶರಣಾರ್ಥಿ.

ನಾಲ್ಕು ವಾರ ಆಯಿತು, ನಿಮ್ಮ ಒಂದು ಸಾಲಿಲ್ಲ. ನೀವು ಸುಮ್ಮನಿರುವುದನ್ನು ನಾನು ಕಂಡದ್ದೇ ಇಲ್ಲ, ಅದಕ್ಕೇ ಹೆದರಿಕೆ. ದಾರಿ ಕಾಯುವುದು ಬಿಟ್ಟು ಮೂಡಲಗಿಗೆ ಹೋಗಿ ಬಂದೆ.

ಖಂಡೆಪ್ಪ ಇದ್ದಾನೆ. ಅರವತ್ತರ ಹತ್ತಿರ. ಎತ್ತಿನ ಗಾಡಿಯಲ್ಲಿ ಕಬ್ಬು ಹೇರುತ್ತಾನೆ. ನನ್ನನ್ನು ನೋಡಿದವನೇ, "ಗೇರ್ ಮರ್ತಿಲ್ಲಲ್ರಿ?" ಅಂದ. ನಾನು ಅತ್ತುಬಿಟ್ಟೆ. ಅವ ಅಳಲಿಲ್ಲ. ಅಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನ ಮಾತನ್ನು ಹಾಗೇ ಬರೆಯುತ್ತೇನೆ: "ಮಾಸ್ತರು ಕೇಳಿದ್ರ ಹೇಳ್ತಿದ್ನಿ. ಅವರು ಕೇಳಲೇ ಇಲ್ಲ, ಡೈಲಾಗ್ ಹೊಡದ್ರು. ಡೈಲಾಗ್ ನಡಕ ಬಾಯಿ ಹಾಕಬಾರದು ಅಂತ ಮಂಡಳ್ಯಾಗ ಅವರ ಕಲಿಸಿದ್ರು."

ಇನ್ನೊಂದನ್ನೂ ಹೇಳಿದ. ಅವ ಗೋಕಾಕಕ್ಕೆ ಬೆಲ್ಲ ಹಾಕಲು ಬಂದಾಗ ಬೇಲಿಯ ಆಚೆಯಿಂದ ನೋಡುತ್ತಾನಂತೆ. ರಂಗಮಹಲಿನ ಛತ್ತು ಬಿದ್ದು ಮೂರು ಮಳೆಗಾಲವಾಯಿತಂತೆ. ನೀವು ಮೋಟಾರಿನ ಹಿಂದಿನ ಸೀಟಿನ ಮೇಲೆ ಮಲಗುತ್ತೀರಂತೆ, ಅದರ ಬಾಜೂ ಮೂರು ಕಲ್ಲಿಟ್ಟು ಅಡುಗೆ ಮಾಡುತ್ತೀರಂತೆ. ನೀವು ನನಗೆ ಮಹಲಿನ ವಿಳಾಸ ಬರೆದಿರಿ, ನಾನು ನಿಮಗೆ ಗೆದ್ದಲಿನ ಕಥೆ ಬರೆದೆ. ಇಬ್ಬರೂ ಪಾರ್ಟು ಬಿಟ್ಟಿರಲಿಲ್ಲ.

ಬಾಜೂ ಕೊಡುತ್ತೇನೆ. ಎರಡು ಕರಾರು. ಒಂದು, ಅದನ್ನು ಹೊತ್ತು ತರುವವನೂ ಕೂಡಿಸುವವನೂ ಖಂಡೆಪ್ಪನೇ. ಅವ ಬರಬೇಕಾದರೆ ನೀವೇ ಹೋಗಿ ಕರೆಯಬೇಕು. ಎರಡು, ತಗಡು ಹೇಗೆ ಕೆಟ್ಟಿತು ಎಂದು ಯಾರು ಕೇಳಿದರೂ ನನ್ನ ಹೆಸರು ಮುಚ್ಚಬೇಡಿರಿ. ಮುಚ್ಚಿದ್ದು ಸಾಕಾಗಿದೆ.

ಕಾಶೆವ್ವ

•

ಮೂಡಲಗಿ
ತಾ. ೨೮ ನವೆಂಬರ್ ೧೯೪೩

ಕಾಶೆವ್ವ,

ನಾಲ್ಕು ವಾರ ಮಾತಿಗಾಗಿ ಹುಡುಕಿದೆ. ಎಲ್ಲವೂ ಯಾರೋ ಬರೆದುಕೊಟ್ಟ ಡೈಲಾಗಿನಂತೆ ಕೇಳಿಸಿದವು. ಅದಕ್ಕೇ ಬರೆಯಲಿಲ್ಲ.

ಇಲ್ಲಿಗೆ ಬಂದು ನಾಲ್ಕು ದಿನವಾಯಿತು. ಖಂಡೆಪ್ಪ ನನ್ನನ್ನು ಮೊದಲ ದಿನ ಕುಳ್ಳಿರಿ ಅನ್ನಲಿಲ್ಲ. ಎತ್ತಿಗೆ ಮೇವು ಹಾಕಿದ, ನೀರು ಕುಡಿಸಿದ, ನನಗೆ ಬೆನ್ನು ಕೊಟ್ಟೇ ನಿಂತ. ನಾನು ಶಲ್ಯ ಸರಿಸಿ, "ಖಂಡೆಪ್ಪ, ವಿಧಿ ನಮ್ಮಿಬ್ಬರ ನಡುವೆ" ಎಂದು ಆರಂಭಿಸಿದೆ. ಅವ ಕೈ ಎತ್ತಿದ. "ಮಾಸ್ತರ್ರ, ವಿಧಿ ಬ್ಯಾಡ. ನಲವತ್ತ ಮಂದಿ ಮುಂದ ಅಂದಿದ್ರಿ. ಅಷ್ಟ ಮಂದಿ ಮುಂದ ತಿರುಗಿ ತಗೋರಿ. ಸಣ್ಣ ಮಾತಿನ್ಯಾಗ."

ಇಂದು ಸಂತೆ. ಅವನದೇ ಗಾಡಿಯ ಮೇಲೆ ಹತ್ತಿ ನಿಂತೆ. ನನ್ನ ಗಂಟಲು ಇನ್ನೂ ಇದೆ, ಕಾಶೆವ್ವ. ಬೆಲ್ಲ ತೂಗುವವರು ತೂಕ ನಿಲ್ಲಿಸಿದರು, ಬಳೆಗಾರ ತಿರುಗಿ ನೋಡಿದ. ನಲವತ್ತಲ್ಲ, ನಾನೂರು ಮಂದಿ. "ಈ ಖಂಡೆಪ್ಪ ಕಳವು ಮಾಡಿಲ್ಲ. ನಾನು ಸುಳ್ಳು ಆಡಿದ್ದೆ" ಅಂದೆ. ಅಷ್ಟೇ. ಜನ ಮುಂದಿನ ಮಾತಿಗೆ ಕಾದರು. ಮುಂದೆ ಮಾತಿರಲಿಲ್ಲ. ಚಪ್ಪಾಳೆಯೂ ಬೀಳಲಿಲ್ಲ. ಇಳಿಯುವಾಗ ಖಂಡೆಪ್ಪ ಕೈ ಕೊಟ್ಟ.

ನಾಳೆ ಅವನ ಗಾಡಿ ಹುಕ್ಕೇರಿಯ ದಾರಿ ಹಿಡಿಯುತ್ತದೆ. ಅಡ್ಡಗೋಡೆ ಬಿಚ್ಚಿ ಇಡು. ಎಮ್ಮೆಗೆ ಬೇರೆ ಗೋಡೆ ನಾನೇ ಕಟ್ಟಿಸಿ ಕೊಡುತ್ತೇನೆ.

ಕೆಂಚಪ್ಪ

•

ಮೋಟಾರಿನ ಹಿಂದಿನ ಸೀಟು, ಗೋಕಾಕ
ತಾ. ೧೬ ಡಿಸೆಂಬರ್ ೧೯೪೩

ಕಾಶೆವ್ವ,

ಮೇಲಿನ ವಿಳಾಸ ಇನ್ನು ಮುಂದೆ ಇದೇ. ಖರೆ ವಿಳಾಸ.

ನಿನ್ನೆಯ ಸೀನು ಕೇಳು. ಬೆಳಿಗ್ಗೆ ಹತ್ತು ಗಂಟೆ. ಬೇಲಿಯ ಹೊರಗೆ ಕೇದಾರಿ, ಅವನ ಎರಡು ಗಾಡಿ, ಆರು ಸುತ್ತಿಗೆ. ಇಡೀ ಪೇಟೆ ಬಂದು ನಿಂತಿತ್ತು. ಥಿಯೇಟರಿನ ಕೊನೆಯ ಮೂರು ವರ್ಷದಲ್ಲಿ ನಾನು ಅಷ್ಟು ಮಂದಿಯನ್ನು ಕಂಡಿರಲಿಲ್ಲ.

ನಿನ್ನ ಎಡಬಾಜೂ ಹಿಂದಿನ ಸಂಜೆಯೇ ಕೂಡಿತ್ತು. ತೂತಿಗೆ ತೂತು. ಖಂಡೆಪ್ಪ ಒಂದೊಂದು ನಟ್ಟು ಬಿಗಿದಾಗಲೂ "ಯಲ್ಲಾರಿ, ಶಾಣ್ಯಾ" ಎಂದು ಮೆಚ್ಚಿಕೊಳ್ಳುತ್ತಿದ್ದ. ಡಬ್ಬಿ ತಗಡನ್ನು ನಾನು ಎಸೆಯಲಿಲ್ಲ. ಅದರ ಮೇಲೆ ಕುಳಿತೇ ಊಟ ಮಾಡಿದೆವು.

ಫೌಜದಾರರು ಬಂದರು. ಬೆತ್ತದಿಂದ ಬಲಬಾಜೂ ಬಡಿದರು, ಠಣ್. ಎಡಬಾಜೂ ಬಡಿದರು, ಠಣ್. ಕೇದಾರಿ ನಂಬಲಿಲ್ಲ. ತಾನೂ ಬಂದು ಬೆರಳ ಗೆಣ್ಣಿನಿಂದ ಬಡಿದ, ಕೈ ಜಾಡಿಸಿಕೊಂಡ. ಆಗ ಫೌಜದಾರರ ಬೆತ್ತ ಮುಂದಿನ ಎಡ ಬಾಗಿಲಿನ ಗುದ್ದಿನ ಮೇಲೆ ನಿಂತಿತು. ಮೂಡಲಗಿಯ ಕಮ್ಮಾರನ ಕೈಗೂ ಮೀರಿ ಉಳಿದ, ಮುಷ್ಟಿಯಷ್ಟು ನೆಗ್ಗಿದ ಗುದ್ದು. ಅದನ್ನೂ ಬಡಿದು ತೆಗೆಯಲೇ ಎಂದು ಖಂಡೆಪ್ಪ ಕೇಳಿದ್ದ. ನಾನು ಬೇಡ ಅಂದಿದ್ದೆ.

"ಇದೇನ್ ಮಾಸ್ತರ್ರ?" ಅಂದರು ಫೌಜದಾರರು.

"ಮೇಲವಂಕಿ ಜಾಲಿಗಿಡ ಸಾಹೇಬರ."

"ಕುಡುದ ಹೊಡಿಯಾಕತ್ತಿದ್ನೇನು ನಿಮ್ಮ ಡ್ರಾಯವರ?"

ಖಂಡೆಪ್ಪ ನನ್ನ ಕಡೆ ನೋಡಿದ. ಅದೇ ನೋಟ ಇರಬೇಕು, ಅಂದು ನಿನ್ನ ಕಡೆ ನೋಡಿದ್ದು. ನಾನು ನೆಲ ನೋಡಲಿಲ್ಲ. ಗಂಟಲು ತೆರೆದೆ, ಹಿಂದಿನ ಸಾಲಿಗೂ ಮುಟ್ಟುವಂತೆ ಹೇಳಿದೆ: "ಡ್ರಾಯವರ ಅಲ್ರಿ. ನಮ್ಮ ಮಂಡಳಿ ನಾಯಕಿ, ಹುಕ್ಕೇರಿ ಕಾಶೆವ್ವ ಹೊಡಿಯಾಕತ್ತಿದ್ದಳು. ಕುರಿ ಉಳಿಸಾಕ ಹೋಗಿ ಗಿಡಕ್ಕ ಉಜ್ಜಿದಳು."

ಜನ ನಕ್ಕರು. ಕೇದಾರಿ ಎಲ್ಲರಿಗಿಂತ ಜೋರಾಗಿ ನಕ್ಕ. "ಹೆಣ್ಮಗಳು ಮೋಟಾರ್ ಹೊಡಿತಾಳಂತ" ಅಂದ. ಖಂಡೆಪ್ಪ ಹ್ಯಾಂಡಲ್ ಕೈಯಲ್ಲಿ ಹಿಡಿದೇ ಅವನ ಹತ್ತಿರ ಹೋಗಿ ಮೆಲ್ಲಗೆ ಹೇಳಿದ: "ಹೊಡಿತಾಳ್ರಿ. ನಾನ ಕಲಿಸೇನಿ. ನಿಮಗೂ ಕಲಿಸಬೇಕಂದ್ರ ಕಲಿಸ್ತೇನಿ, ಆದ್ರ ನಿಮ್ಮ ಕೈ ನೋಡಿದ್ರ ಆಗೂ ಹಾಂಗ ಕಾಣೂದಿಲ್ಲ." ಆಮೇಲೆ ಯಾರು ನಕ್ಕರು, ಯಾರ ಮೇಲೆ ನಕ್ಕರು, ನಾನು ಬರೆಯುವುದು ಬೇಕಿಲ್ಲ.

ಮೊದಲ ಹ್ಯಾಂಡಲ್‌ಗೆ ಏಳಲಿಲ್ಲ. ಎರಡನೆಯದಕ್ಕೆ ಕೆಮ್ಮಿತು. ಆರು ಸುತ್ತಿಗೆಯವರೂ ಗಾಡಿ ಬಿಟ್ಟು ಹತ್ತಿರ ಬಂದು ನಿಂತರು. ಮೂರನೆಯದಕ್ಕೆ ಎದ್ದಿತು. ಖಂಡೆಪ್ಪ ಕುಳಿತ, ನಾನು ಹಿಂದೆ ನಿಂತೆ. ರೇಷನ್ ಚೀಟಿಯ ಎರಡು ಬಾಟಲಿ ಪೆಟ್ರೋಲಿನ ಮೇಲೆ ಮೋಟಾರು ತನ್ನ ಚಕ್ರದಲ್ಲಿ ತಾನೇ ಬೇಲಿ ದಾಟಿತು. ಫೌಜದಾರರು ಕಾಗದಕ್ಕೆ ಸಹಿ ಹಾಕಿದರು. ಈಗ ನಾವು ಹೊಳೆಯ ದಂಡೆಯ ಆಲದ ಕೆಳಗೆ ಇದ್ದೇವೆ. ನನಗೆ ಛತ್ತಿಲ್ಲ, ಜಾಗೆಯಿಲ್ಲ. ಮೋಟಾರು ಇದೆ.

ಇನ್ನೆರಡು ಬಾಟಲಿ ಪೆಟ್ರೋಲು ಸಿಕ್ಕ ಮೇಲೆ, ಇದೇ ಇಪ್ಪತ್ತೇಳನೆಯ ತಾರೀಖು, ಸೋಮವಾರ, ಹುಕ್ಕೇರಿಗೆ ಬರುತ್ತೇವೆ. ನಿನ್ನ ಮನೆಯ ಬಾಗಿಲವರೆಗೆ ಖಂಡೆಪ್ಪ ಹೊಡೆಯುತ್ತಾನೆ. ಅಲ್ಲಿಂದ ಸ್ಟೇರಿಂಗ್ ನಿನ್ನದು. ನಾನು ಹಿಂದಿನ ಸೀಟಿನಲ್ಲಿ ಕುಳಿತಿರುತ್ತೇನೆ, ತುತ್ತೂರಿ ಇಲ್ಲದೆ, ಡೈಲಾಗು ಇಲ್ಲದೆ. ಮಂದಿ ನೋಡುತ್ತಾರೆಂದು ನಿನಗೆ ಸಂಕೋಚವೆನಿಸಿದರೆ ಊರ ಹೊರಗಿನ ದಾರಿ ಹಿಡಿಯೋಣ, ನಿನ್ನ ಇಚ್ಛೆ.

ಕೆಂಚಪ್ಪ

•

ಹುಕ್ಕೇರಿ
ತಾ. ೧೯ ಡಿಸೆಂಬರ್ ೧೯೪೩

ಮಾಸ್ತರರಿಗೂ ಖಂಡೆಪ್ಪನಿಗೂ ಶರಣಾರ್ಥಿ.

ಸೋಮವಾರ ಬೇಡ. ಸಂತೆಯ ದಿನ ಬರ್ರಿ. ಊರ ಹೊರಗಿನ ದಾರಿಯೂ ಬೇಡ. ನಡುಪೇಟೆಯ ರಸ್ತೆಯಲ್ಲಿ, ಆ ಸಾವಕಾರರ ಮನೆಯ ಮುಂದಿನಿಂದಲೇ ಹೊಡೆಯುತ್ತೇನೆ.

ತುತ್ತೂರಿ ತರ್ರಿ. ಗುದ್ದು ಇರುವ ಬಾಗಿಲು ಮಂದಿಯ ಕಡೆ ಇರಲಿ.

ಕಾಶೆವ್ವ